ಅಡುಗೆಮನೆ ಪ್ರಶ್ನೋತ್ತರ: ಸಕ್ಕರೆಯ ಹದ ತಪ್ಪುವುದೆಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯದೇ ದೂರು. ಪಾಕ ಕೆಟ್ಟಿತು, ಕೇಕ್ ಒಣಗಿತು, ಹಾಲು ಒಡೆಯಿತು, ಜಾಮ್‌ಗೆ ಬೂಸ್ಟು ಬಂತು. ಓದುತ್ತಾ ಹೋದರೆ ಎಲ್ಲದರ ಬೇರು ಒಂದೇ ಕಡೆ ಸಿಗುತ್ತದೆ: ನಾವು ಸಕ್ಕರೆಯನ್ನು ಸಿಹಿ ಅಂತ ಮಾತ್ರ ಲೆಕ್ಕ ಹಾಕುತ್ತೇವೆ. ಅದಕ್ಕೆ ನೀರಿನ ಜೊತೆ ಎಂಥಾ ನಂಟಿದೆ ಎಂಬುದನ್ನು ಮರೆತುಬಿಡುತ್ತೇವೆ.

ಪ್ರ: ಸಕ್ಕರೆ ಪಾಕ ಮಾಡಿದಾಗ ಗಾಜಿನ ಹಾಗೆ ತಿಳಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಮರಳು ಮರಳು ಹರಳು. ಸಕ್ಕರೆ ಕಳಪೆಯೋ, ನನ್ನ ಕೈ ಕಳಪೆಯೋ?

ಉ: ಸಕ್ಕರೆ ಕಳಪೆಯಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. 100 ಡಿಗ್ರಿಗೆ ಬಂದರೆ ಅದೇ ನೀರು 480 ಗ್ರಾಂಗೂ ಮೀರಿ ಹಿಡಿಯುತ್ತದೆ. ಪಾಕವನ್ನು ಕುದಿಸುತ್ತಾ ನೀರು ಇಂಗಿಸಿದಿರಿ, ಆಮೇಲೆ ತಣಿಯಲು ಬಿಟ್ಟಿರಿ. ಈಗ ಆ ನೀರಿನಲ್ಲಿ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಸಕ್ಕರೆ ಇದೆ, ಹೊರಬರಲು ನೆಪಕ್ಕಾಗಿ ಕಾಯುತ್ತಿದೆ. ಪಾತ್ರೆಯ ಅಂಚಿನಲ್ಲಿ ಕರಗದೆ ಅಂಟಿಕೊಂಡ ನಾಲ್ಕು ಕಾಳು, ಒಣಗಿದ ಸಕ್ಕರೆ ಹತ್ತಿದ ಸೌಟು, ಅಷ್ಟೇ ಸಾಕು. ಆ ಒಂದು ಕಾಳಿನ ಸುತ್ತ ಹರಳು ಬೆಳೆಯುತ್ತದೆ, ಅದರ ಪಕ್ಕ ಇನ್ನೊಂದು, ರಾತ್ರಿ ಕಳೆಯುವಷ್ಟರಲ್ಲಿ ಇಡೀ ಪಾತ್ರೆ.

ಮುಂದಿನ ಸಲ ಹೀಗೆ ಮಾಡಿ. 200 ಗ್ರಾಂ ಸಕ್ಕರೆಗೆ 100 ಮಿಲಿ ನೀರು, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಸಕ್ಕರೆ ಪೂರ್ತಿ ಕರಗುವವರೆಗೆ ಕೈಯಾಡಿಸಿ. ಸೌಟಿನ ಹಿಂಬದಿಯಿಂದ ತಳವನ್ನು ತಡವಿದಾಗ ಕರಕರ ಅನ್ನಬಾರದು. ಕರಗುವ ಮೊದಲೇ ಉರಿ ಏರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಕುದಿ ಬಂದ ಮೇಲೆ ಸೌಟನ್ನು ಹೊರಗಿಡಿ, ಮತ್ತೆ ಮುಟ್ಟಬೇಡಿ. ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ಪಾತ್ರೆಯ ಒಳಅಂಚನ್ನು ಒಮ್ಮೆ ತೊಳೆದುಬಿಡಿ. ಬ್ರಷ್ ಇಲ್ಲದಿದ್ದರೆ ಎರಡು ನಿಮಿಷ ಮುಚ್ಚಳ ಹಾಕಿ, ಹಬೆಯೇ ಇಳಿದು ಅಂಚನ್ನು ತೊಳೆಯುತ್ತದೆ.

ಇನ್ನೊಂದು ರಕ್ಷಣೆ ಹುಳಿ. 200 ಗ್ರಾಂ ಸಕ್ಕರೆಗೆ ಕಾಲು ಚಮಚ ನಿಂಬೆರಸವನ್ನು ಕುದಿ ಶುರುವಾಗುವಾಗಲೇ ಹಾಕಿ. ನಾವು ಬಳಸುವ ಸಕ್ಕರೆ ಅಂದರೆ ಸುಕ್ರೋಸ್, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಹಿಡಿದುಕೊಂಡಿರುವ ಜೋಡಿ. ಹುಳಿ ಮತ್ತು ಬಿಸಿ ಸೇರಿದಾಗ ಅದರಲ್ಲಿ ಒಂದಷ್ಟು ಜೋಡಿ ಬೇರೆಯಾಗುತ್ತವೆ. ಹರಳು ಕಟ್ಟಬೇಕಾದರೆ ಒಂದೇ ಆಕಾರದ ಇಟ್ಟಿಗೆಗಳು ಸಾಲಾಗಿ ಕೂರಬೇಕು. ನಡುವೆ ಬೇರೆ ಆಕಾರದವು ನುಗ್ಗಿದರೆ ಗೋಡೆ ಏಳುವುದಿಲ್ಲ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡುವವರಿದ್ದಾರೆ, ಅದರಿಂದ ರುಚಿ ಬದಲಾಗುತ್ತದೆಯೇ ಹೊರತು ಈ ಕೆಲಸ ಅಷ್ಟಾಗಿ ಆಗುವುದಿಲ್ಲ. ಹುಳಿ ಬೇಡವಾದರೆ ಎರಡು ಚಮಚ ಗ್ಲೂಕೋಸ್ ಸಿರಪ್ ಹಾಕಿದರೂ ಅದೇ ಫಲ. ಅತಿಯಾದರೆ ಮಾತ್ರ ಪಾಕ ಎಷ್ಟು ಕಾಯಿಸಿದರೂ ಅಂಟಂಟಾಗಿಯೇ ಉಳಿಯುತ್ತದೆ, ಗಾಳಿಯ ತೇವ ಎಳೆದುಕೊಂಡು ಜಿನುಗುತ್ತದೆ.

ಈಗಾಗಲೇ ಹರಳುಗಟ್ಟಿದ್ದನ್ನು ಚೆಲ್ಲಬೇಡಿ. ನಾಲ್ಕೈದು ದೊಡ್ಡ ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿ, ಮೊದಲಿಂದ ಕುದಿಸಿ. ಒಂದಿಷ್ಟೂ ನಷ್ಟವಿಲ್ಲ.

ಒಂದು ಮಾತು ಸೇರಿಸಬೇಕು. ಕೆಲವು ಮಿಠಾಯಿಗಳಿಗೆ ಹರಳೇ ಬೇಕು, ಆದರೆ ನಾಲಿಗೆಗೆ ಸಿಗದಷ್ಟು ಸಣ್ಣದು. ಫಡ್ಜ್ ಅಂಥದ್ದು. ಅದನ್ನು 114 ಡಿಗ್ರಿಯವರೆಗೆ ಕಾಯಿಸಿ, ಅಲುಗಾಡಿಸದೆ 45ರಿಂದ 50 ಡಿಗ್ರಿಗೆ ತಣಿಸಿ, ಆಮೇಲೆ ಬಿಡದೆ ತಿರುವಬೇಕು. ಮೊದಲು ಹೊಳೆಯುತ್ತಾ ರಬ್ಬರಿನಂತೆ ಎಳೆಯುತ್ತದೆ. ತಿರುವುತ್ತಿದ್ದಂತೆ ಕೈಗೆ ಭಾರ ಹತ್ತುತ್ತದೆ, ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಆಮೇಲೆ ಒಮ್ಮೆಲೇ ಮೇಲಿನ ಹೊಳಪು ಮಾಸುತ್ತದೆ. ಆ ಕ್ಷಣಕ್ಕೆ ತಟ್ಟೆಗೆ ಸುರಿಯಬೇಕು, ಅರ್ಧ ನಿಮಿಷ ತಡವಾದರೂ ಪಾತ್ರೆಯಲ್ಲೇ ಗಟ್ಟಿ. ಬಿಸಿ ಇರುವಾಗಲೇ ತಿರುವಿದರೆ ಹರಳು ದಪ್ಪಗಾಗಿ ಮರಳಿನಂತಾಗುತ್ತದೆ.

ಪ್ರ: ಎಳೆ ಪಾಕ, ಉಂಡೆ ಪಾಕ ಅಂತ ಬರೆಯುತ್ತೀರಿ. ಅದಕ್ಕೆ ಡಿಗ್ರಿ ಎಷ್ಟು? ಥರ್ಮಾಮೀಟರ್ ಇಲ್ಲದವರು ಏನು ಮಾಡಬೇಕು?

ಉ: ಪಾಕದ ಉಷ್ಣಾಂಶವೆಂದರೆ ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದರ ಲೆಕ್ಕ. 106ರಿಂದ 112 ಡಿಗ್ರಿ ಎಳೆ ಪಾಕ. 112ರಿಂದ 116 ಮೆತ್ತನೆಯ ಉಂಡೆ ಪಾಕ. ಇಲ್ಲಿ ಸಕ್ಕರೆ ಶೇ 85ರ ಆಸುಪಾಸಿನಲ್ಲಿರುತ್ತದೆ. 118ರಿಂದ 120ಕ್ಕೆ ಉಂಡೆ ಆಕಾರ ಹಿಡಿದು ನಿಲ್ಲುತ್ತದೆ, 121ರಿಂದ 130ಕ್ಕೆ ಗಟ್ಟಿ ಉಂಡೆ. 132ರಿಂದ 143ರಲ್ಲಿ ಬಗ್ಗಿ ಮುರಿಯುವ ಎಳೆ, 146ರಿಂದ 154ರಲ್ಲಿ ಟಪ್ಪನೆ ಮುರಿಯುವ ಗಾಜಿನಂಥ ಪಾಕ, ಅಲ್ಲಿ ಉಳಿದ ನೀರು ಶೇ 1ರಷ್ಟು. 160 ದಾಟಿದರೆ ಬಣ್ಣ ಬರತೊಡಗುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಬಟ್ಟಲಲ್ಲಿ ತಣ್ಣೀರು ಇಟ್ಟುಕೊಳ್ಳಿ. ಮೊದಲು ಪಾತ್ರೆಯನ್ನು ಒಲೆಯಿಂದ ಇಳಿಸಿ, ಇಲ್ಲವಾದರೆ ನೀವು ಪರೀಕ್ಷೆ ಮಾಡುತ್ತಿರುವಾಗಲೇ ಪಾಕ ಮುಂದಿನ ಹದಕ್ಕೆ ಜಾರಿರುತ್ತದೆ. ಅರ್ಧ ಚಮಚ ಪಾಕವನ್ನು ನೀರಿಗೆ ಬಿಡಿ. ಮೋಡದಂತೆ ಹರಡಿ ಕರಗಿಹೋದರೆ ಇನ್ನೂ ಸಮಯವಿದೆ. ತಳಕ್ಕಿಳಿದು ಕೂತದ್ದನ್ನು ಬೆರಳಲ್ಲಿ ಒಟ್ಟು ಮಾಡಿದಾಗ ಉಂಡೆಯಾಗಿ, ನೀರಿನಿಂದ ಎತ್ತಿದ ಮೇಲೆ ಮೆಲ್ಲಗೆ ಚಪ್ಪಟೆಯಾದರೆ ಮೆತ್ತನೆಯ ಉಂಡೆ. ಎತ್ತಿದರೂ ದುಂಡಗೆ ನಿಂತು, ಒತ್ತಿದರೆ ಬಗ್ಗಿದರೆ ಮುಂದಿನ ಹದ. ತಟ್ಟೆಗೆ ಹಾಕಿದಾಗ ಠಣ್ ಎಂದರೆ ಗಟ್ಟಿ ಉಂಡೆ. ಎಳೆ ನೋಡುವವರು ಚಮಚದ ತುದಿಯ ಹನಿಯನ್ನು ತಟ್ಟೆಗೆ ಬಿಟ್ಟು, ಆರಿದ ಮೇಲೆಯೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಬೇಕು. ಪಾತ್ರೆಯಿಂದ ನೇರ ಬೆರಳಿಗೆ ತೆಗೆದುಕೊಳ್ಳಬೇಡಿ.

ಕಣ್ಣು ಕಿವಿಯೂ ಹೇಳುತ್ತವೆ. ಶುರುವಿನಲ್ಲಿ ಗುಳ್ಳೆ ಸಣ್ಣವು, ಅವಸರದವು, ಸದ್ದು ನೀರು ಕುದಿದ ಹಾಗೆ. ನೀರು ಇಂಗಿದಂತೆ ಗುಳ್ಳೆ ದಪ್ಪಗಾಗಿ, ನಿಧಾನವಾಗಿ ಎದ್ದು, ಪುಟ್ ಪುಟ್ ಎಂದು ಒಡೆಯುತ್ತವೆ. ಅಲ್ಲಿಂದ ಮುಂದೆ ಒಲೆ ಬಿಟ್ಟು ಹೋಗಬೇಡಿ, ಕೊನೆಯ ಡಿಗ್ರಿಗಳು ಓಡಿ ಬರುತ್ತವೆ.

ಥರ್ಮಾಮೀಟರ್ ಇರುವವರಿಗೂ ಒಂದು ಕಿವಿಮಾತು. ಅದನ್ನು ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಸಮುದ್ರಮಟ್ಟದಲ್ಲಿ 100 ತೋರಿಸಬೇಕು. ಸುಮಾರು 300 ಮೀಟರ್ ಎತ್ತರಕ್ಕೆ ಕುದಿಬಿಂದು 1 ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದ ಊರಲ್ಲಿ ನೀರು 97ಕ್ಕೇ ಕುದಿಯುತ್ತದೆ, ಹಾಗಾಗಿ ಅಲ್ಲಿ ಉಂಡೆ ಪಾಕಕ್ಕೆ 112ರ ಬದಲು 109. ಪುಸ್ತಕದ ಅಂಕಿ ನಂಬಿ ಕಾಯಿಸಿದರೆ ಗಟ್ಟಿಯಾಗುತ್ತದೆ. ತುದಿ ಪಾತ್ರೆಯ ತಳ ಮುಟ್ಟದಂತೆಯೂ ನೋಡಿಕೊಳ್ಳಿ.

ಪ್ರ: ಕೇಕ್‌ಗೆ ಒಂದು ಕಪ್ ಸಕ್ಕರೆ ಎಂದಿತ್ತು. ಮನೆಯಲ್ಲಿದ್ದ ಸಕ್ಕರೆ ಪುಡಿಯನ್ನೇ ಒಂದು ಕಪ್ ಹಾಕಿದೆ. ಸಿಹಿಯೂ ಸಾಲದು, ಕೇಕ್ ಉಬ್ಬಲೂ ಇಲ್ಲ.

ಉ: ಎರಡು ತಪ್ಪು ಒಟ್ಟಿಗೆ ಆಗಿವೆ. 240 ಮಿಲಿಯ ಕಪ್‌ನಲ್ಲಿ ಕಾಳು ಸಕ್ಕರೆ 200 ಗ್ರಾಂ ಹಿಡಿಯುತ್ತದೆ, ಅಂಗಡಿಯ ಐಸಿಂಗ್ ಪುಡಿ ಹಿಡಿಯುವುದು 120 ಗ್ರಾಂ ಮಾತ್ರ. ಒತ್ತಿ ತುಂಬಿದ ಕಂದು ಸಕ್ಕರೆ 215 ಗ್ರಾಂ ಆಸುಪಾಸು. ಸಕ್ಕರೆಯನ್ನು ಕಪ್ಪಿನಿಂದ ಅಳೆಯುವವರೆಗೆ ಈ ಗೊಂದಲ ತಪ್ಪದು. ಸಣ್ಣ ತಕ್ಕಡಿ ಕೊಳ್ಳಿ ಎನ್ನುವುದು ನಮ್ಮ ಖಚಿತ ಸಲಹೆ.

ಎರಡನೆಯದು ಗಾಳಿ. ಬೆಣ್ಣೆಯ ಜೊತೆ ಕಾಳು ಸಕ್ಕರೆ ತಿರುವುವಾಗ ಪ್ರತಿ ಕಾಳಿನ ಚೂಪು ಅಂಚು ಬೆಣ್ಣೆಯನ್ನು ಉತ್ತು ಗಾಳಿ ಒಳಗೆಳೆಯುತ್ತದೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಮಾಡುವುದಿಲ್ಲ, ಇದ್ದ ಗುಳ್ಳೆಯನ್ನು ಹಿಗ್ಗಿಸುತ್ತದೆ. ಪುಡಿಗೆ ಅಂಚೇ ಇಲ್ಲ. ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಲಿ, ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಎಣ್ಣೆ ಹೊಳಪು ಇರಬಾರದು. ನಾಲ್ಕೈದು ನಿಮಿಷ ತಿರುವಿ. ಕಾಳು ತೀರಾ ದಪ್ಪವಾದರೆ ಮಿಕ್ಸಿಯಲ್ಲಿ ಐದಾರು ಸಲ ಮಾತ್ರ ಬಿಟ್ಟು ಬಿಟ್ಟು ತಿರುಗಿಸಿದರೆ ಸಣ್ಣ ಕಾಳಾಗುತ್ತದೆ, ಕೇಕ್‌ಗೆ ಅದೇ ಉತ್ತಮ.

ಐಸಿಂಗ್‌ಗೆ ಪುಡಿ ಬೇಕಾದರೆ 100 ಗ್ರಾಂ ಸಕ್ಕರೆಗೆ 3 ಗ್ರಾಂ ಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್, ಸೇರಿಸಿ ನುಣ್ಣಗೆ ಬೀಸಿ ಎರಡು ಸಲ ಜರಡಿ ಹಿಡಿಯಿರಿ. ಅಂಗಡಿಯ ಪುಡಿಯಲ್ಲೂ ಗಂಟು ಕಟ್ಟದಿರಲೆಂದು ಶೇ 3ರಿಂದ 5 ಪಿಷ್ಟ ಇರುತ್ತದೆ. ಅದೇ ಕಾರಣಕ್ಕೆ ಪುಡಿಯಿಂದ ತಿಳಿ ಪಾಕ ಮಾಡಲು ಹೋಗಬೇಡಿ, ಮಬ್ಬಾಗುತ್ತದೆ.

ಪ್ರ: ಕಂದು ಸಕ್ಕರೆ ಮತ್ತು ಬೆಲ್ಲ ಒಂದೇ ತಾನೇ? ನನ್ನ ಕಂದು ಸಕ್ಕರೆ ಡಬ್ಬದಲ್ಲಿ ಕಲ್ಲಾಗಿ ಕೂತಿದೆ.

ಉ: ಒಂದೇ ಅಲ್ಲ. ಬೆಲ್ಲ ಎಂದರೆ ಕಬ್ಬಿನ ಹಾಲನ್ನು ಕಾಯಿಸಿ ಇಂಗಿಸಿದ್ದು, ಕಾಕಂಬಿಯನ್ನು, ಅಂದರೆ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಮಂದ ರಸವನ್ನು (ಮೊಲಾಸಿಸ್), ಬೇರ್ಪಡಿಸಿಲ್ಲ. ಅಂಗಡಿಯ ಕಂದು ಸಕ್ಕರೆಯ ಹೆಚ್ಚು ಪಾಲು ಬಿಳಿ ಸಕ್ಕರೆಗೆ ಕಾಕಂಬಿ ಲೇಪಿಸಿದ್ದು. ತಿಳಿ ಬಣ್ಣದ್ದರಲ್ಲಿ ಸುಮಾರು ಶೇ 3.5, ಗಾಢ ಬಣ್ಣದ್ದರಲ್ಲಿ ಶೇ 6.5 ಕಾಕಂಬಿ. ಹಾಗಾಗಿ ಮನೆಯಲ್ಲೇ ಮಾಡಬಹುದು: 200 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಕಾಕಂಬಿ ಹಾಕಿ ಫೋರ್ಕ್‌ನಿಂದ ಬಣ್ಣ ಒಂದೇ ಸಮ ಆಗುವವರೆಗೆ ಉಜ್ಜಿ.

ಕಲ್ಲಾದ ಕಾರಣ ನೋಡಿ. ಬಿಳಿ ಸಕ್ಕರೆ ಗಂಟಾಗುವುದು ತೇವ ಸೇರಿ, ಆಮೇಲೆ ಒಣಗಿದ್ದಕ್ಕೆ. ಕಂದು ಸಕ್ಕರೆ ಗಟ್ಟಿಯಾಗುವುದು ಇದ್ದ ತೇವವೇ ಹಾರಿಹೋಗಿದ್ದಕ್ಕೆ. ಆದ್ದರಿಂದ ಅದಕ್ಕೆ ತೇವ ಮರಳಿ ಕೊಡಿ. ಒಂದು ಚೂರು ಬ್ರೆಡ್ ಅಥವಾ ನೀರಲ್ಲಿ ನೆನೆಸಿ ಒರೆಸಿದ ಮಣ್ಣಿನ ಬಿಲ್ಲೆಯನ್ನು ಡಬ್ಬದಲ್ಲಿಟ್ಟು ಒಂದು ದಿನ ಬಿಗಿಯಾಗಿ ಮುಚ್ಚಿಡಿ. ಅವಸರವಿದ್ದರೆ ಒದ್ದೆ ಕಾಗದದ ಟವೆಲ್ ಮುಚ್ಚಿ ಮೈಕ್ರೋವೇವ್‌ನಲ್ಲಿ 20 ಸೆಕೆಂಡ್. ಕೂಡಲೇ ಬಳಸಿ, ತಣಿದರೆ ಮತ್ತೆ ಕಲ್ಲು.

ಬೆಲ್ಲದ ಪಾಕಕ್ಕೆ ಎಳೆ ನೋಡುವುದು ಅಷ್ಟು ನಂಬಿಕೆಯದಲ್ಲ. ಅದರಲ್ಲಿ ಒಡೆದ ಸಕ್ಕರೆಗಳೂ ಇತರ ಅಂಶಗಳೂ ಇರುವುದರಿಂದ ಬೇಗ ಎಳೆ ಬಂದ ಹಾಗೆ ಕಾಣಿಸುತ್ತದೆ. ತಣ್ಣೀರಿನ ಉಂಡೆ ಪರೀಕ್ಷೆಯೇ ಗಟ್ಟಿ.

ಪ್ರ: ಬಿಸಿ ಹಾಲಿಗೆ ಬೆಲ್ಲ ಹಾಕಿದೆ, ಒಡೆಯಿತು. ಹಾಲು ಹಳೆಯದಾಗಿರಲಿಲ್ಲ.

ಉ: ಬೆಲ್ಲದಲ್ಲಿ ಅಲ್ಪ ಹುಳಿ ಇದೆ, ಲವಣಗಳೂ ಇವೆ. ಹಾಲು ಬಿಸಿ ಇದ್ದಷ್ಟೂ ಅವು ಅದನ್ನು ಸುಲಭವಾಗಿ ಒಡೆಯುತ್ತವೆ. 200 ಗ್ರಾಂ ಬೆಲ್ಲಕ್ಕೆ 60 ಮಿಲಿ ನೀರು ಹಾಕಿ ಕರಗಿಸಿ, ಕಸ ಮತ್ತು ಮರಳು ಉಳಿಯುವಂತೆ ಸೋಸಿ, ತಣಿಸಿ. ಹಾಲನ್ನು ಒಲೆಯಿಂದ ಇಳಿಸಿ, ಬೆರಳಿಟ್ಟರೆ ತಡೆದುಕೊಳ್ಳುವಷ್ಟು ಬೆಚ್ಚಗಾದ ಮೇಲೆ ಬೆಲ್ಲದ ನೀರು ಸೇರಿಸಿ. ಮತ್ತೆ ಕುದಿಸಬೇಡಿ. ಚಿಟಿಕೆ ಅಡುಗೆ ಸೋಡಾ ಹಾಕುವ ಉಪಾಯ ಕೆಲಸ ಮಾಡುತ್ತದೆ, ಒಂಚೂರು ಹೆಚ್ಚಾದರೆ ಸಾಬೂನಿನ ರುಚಿ.

ಪ್ರ: ಕ್ಯಾರಮೆಲ್ ಸಾಸ್ ಮಾಡಲು ಹೋದರೆ ಒಂದೋ ಕಹಿ, ಇಲ್ಲವೇ ಕೆನೆ ಹಾಕಿದ ಕೂಡಲೇ ಗಟ್ಟಿ ಉಂಡೆ. ಮೇಲಿಂದ ಉಕ್ಕಿ ಕೈಗೂ ಸಿಡಿಯಿತು.

ಉ: ಕೈಯ ವಿಷಯ ಮೊದಲು. ಕರಗಿದ ಸಕ್ಕರೆ ನೀರಿಗಿಂತ ಬಹಳ ಬಿಸಿ, ಚರ್ಮಕ್ಕೆ ಅಂಟಿ ಬಿಡುವುದಿಲ್ಲ. ಸಿಡಿದರೆ ತಕ್ಷಣ ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ, ಬೆಣ್ಣೆ ಬೇಡ. ಗುಳ್ಳೆ ದೊಡ್ಡದಾಗಿದ್ದರೆ ವೈದ್ಯರ ಬಳಿ ಹೋಗಿ.

ಈಗ ಸಾಸ್. 200 ಗ್ರಾಂ ಸಕ್ಕರೆ, 60 ಗ್ರಾಂ ಬೆಣ್ಣೆ, 120 ಮಿಲಿ ಕೆನೆ, ಕಾಲು ಚಮಚ ಉಪ್ಪು. ಪಾತ್ರೆ ದಪ್ಪ ತಳದ್ದೂ ಆಳವಾದದ್ದೂ ಇರಲಿ, ಒಳಮೈ ಬೆಳ್ಳಗಿದ್ದರೆ ಒಳ್ಳೆಯದು. ಕಪ್ಪು ತಳದಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಕಹಿಯಾಗುವುದು ಹಾಗೆಯೇ. ಮಧ್ಯಮ ಉರಿಯಲ್ಲಿ ಸಕ್ಕರೆಯ ಮೂರನೇ ಒಂದು ಪಾಲನ್ನು ಹರಡಿ. ಅಂಚು ಕರಗಿ ತಿಳಿಯಾದ ಮೇಲೆ ಅದರ ಮೇಲೆಯೇ ಎರಡನೇ ಪಾಲು, ಅದು ಕರಗಿದ ಮೇಲೆ ಮೂರನೆಯದು. ಪಾತ್ರೆಯನ್ನು ಓಲಾಡಿಸಿ ಸಾಕು. 170 ಡಿಗ್ರಿ ಹೊತ್ತಿಗೆ ಜೇನಿನ ಬಣ್ಣ, 175ರ ಸುಮಾರಿಗೆ ತಾಮ್ರದ ಬಣ್ಣ, ಬಳಿಕ ಸಣ್ಣ ಹೊಗೆ ಏಳುತ್ತದೆ, ಅಲ್ಲಿಂದ ಕಹಿಯ ಕಡೆಗೆ ಓಟ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಹಿಂದೆ ಇರುವಾಗಲೇ ಒಲೆ ಆರಿಸಿ, ಪಾತ್ರೆಯ ಬಿಸಿ ಉಳಿದ ಕೆಲಸ ಮಾಡುತ್ತದೆ.

ಉಂಡೆ ಕಟ್ಟಿದ್ದು ಕೆನೆ ತಣ್ಣಗಿದ್ದುದರಿಂದ. ಕೆನೆಯನ್ನು ಬೆಚ್ಚಗೆ ಮಾಡಿಟ್ಟುಕೊಂಡು ಮೂರು ಸಲಕ್ಕೆ ಸುರಿಯಿರಿ. ಉಕ್ಕುವುದು ಕೆನೆಯ ನೀರು ಕ್ಷಣದಲ್ಲಿ ಹಬೆಯಾಗುವುದರಿಂದ, ಅದಕ್ಕೇ ಆಳದ ಪಾತ್ರೆ ಅಂದದ್ದು. ಗಟ್ಟಿಯಾಗಿಯೇ ಹೋದರೂ ಗಾಬರಿ ಬೇಡ, ಸಣ್ಣ ಉರಿಯಲ್ಲಿಟ್ಟು ತಿರುವುತ್ತಿದ್ದರೆ ಮೂರು ನಾಲ್ಕು ನಿಮಿಷದಲ್ಲಿ ಕರಗುತ್ತದೆ. ಕಹಿಯಾದದ್ದಕ್ಕೆ ಮಾತ್ರ ಮದ್ದಿಲ್ಲ.

ಪ್ರ: ಕೇಕ್‌ಗೆ ಸಕ್ಕರೆ ಅರ್ಧಕ್ಕೆ ಇಳಿಸಿದೆ. ಮರುದಿನ ಹೊಟ್ಟಿನಂತೆ ಉದುರಿತು. ಜೇನುತುಪ್ಪ ಹಾಕಿದರೆ ಸರಿಹೋದೀತೇ?

ಉ: ಸಕ್ಕರೆ ನೀರನ್ನು ತನ್ನ ಬಳಿ ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟಿನ ಜಿಗುಟು ಬಿಗಿಯಾಗದಂತೆ ತಡೆಯುತ್ತದೆ, ಪಿಷ್ಟ ಬೇಯುವುದನ್ನು ತುಸು ಮುಂದೂಡುತ್ತದೆ, ಅಷ್ಟರಲ್ಲಿ ಕೇಕ್‌ಗೆ ಏಳಲು ಸಮಯ ಸಿಗುತ್ತದೆ. ಅರ್ಧ ತೆಗೆದರೆ ಇದೆಲ್ಲಾ ಅರ್ಧವಾಗುತ್ತದೆ. ಮೊದಲು ಶೇ 10 ಇಳಿಸಿ ನೋಡಿ, ಆಮೇಲೆ ಶೇ 20ರಿಂದ 25. ಅದಕ್ಕೂ ಕೆಳಗೆ ಹೋಗುವವರು ಬೇರೆ ಪಾಕವಿಧಾನವನ್ನೇ ಹುಡುಕುವುದು ಒಳ್ಳೆಯದು. ಬಿಸ್ಕತ್ತಿನಲ್ಲಿ ಸಕ್ಕರೆ ಕಡಿಮೆಯಾದರೆ ಹರಡುವುದಿಲ್ಲ, ಗರಿಗರಿಯೂ ಬಾರದು.

ಜೇನುತುಪ್ಪ ಸಕ್ಕರೆಗಿಂತ ಸಿಹಿ, ಅದರಲ್ಲಿ ಶೇ 17ರಿಂದ 18 ನೀರಿದೆ, ಹುಳಿಯೂ ಇದೆ. ಒಂದು ಕಪ್ ಸಕ್ಕರೆಯ ಬದಲು ಮುಕ್ಕಾಲು ಕಪ್ ಜೇನು, ಬೇರೆ ದ್ರವದಲ್ಲಿ ಮೂರು ನಾಲ್ಕು ದೊಡ್ಡ ಚಮಚ ಕಡಿತ, ಕಾಲು ಚಮಚ ಅಡುಗೆ ಸೋಡಾ ಹೆಚ್ಚು, ಓವನ್ 15 ಡಿಗ್ರಿ ಕಡಿಮೆ. ಅದರ ಫ್ರಕ್ಟೋಸ್ ಬೇಗ ಕಂದಾಗುತ್ತದೆ, ಒಳಗೆ ಬೇಯುವ ಮೊದಲೇ ಮೇಲೆ ಸುಟ್ಟೀತು. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ.

ಪ್ರ: ಕಡಿಮೆ ಸಕ್ಕರೆ ಹಾಕಿ ಮಾಡಿದ ಹಣ್ಣಿನ ಜಾಮ್ ಹತ್ತೇ ದಿನಕ್ಕೆ ಬೂಸ್ಟು ಹಿಡಿಯಿತು.

ಉ: ಜಾಮ್ ಕೆಡದೆ ಉಳಿಯುವುದು ಸಕ್ಕರೆ ಅದರ ನೀರನ್ನು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಕಟ್ಟಿಹಾಕುವುದರಿಂದ. ಮುಗಿದ ಜಾಮ್‌ನಲ್ಲಿ ಕರಗಿದ ಘನಾಂಶ ಶೇ 65ರ ಹತ್ತಿರ ಇರಬೇಕು. ಅದನ್ನು ತಿಳಿಸುವುದು 104ರಿಂದ 105 ಡಿಗ್ರಿ. ಕಡಿಮೆ ಸಕ್ಕರೆಯದ್ದನ್ನು ತಪ್ಪಾಗಿ ಮಾಡಿದಿರಿ ಎನ್ನುವುದಿಲ್ಲ, ಆದರೆ ಅದನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕು. ಬೂಸ್ಟು ಬಂದದ್ದನ್ನು ಮೇಲಿನಿಂದ ತೆಗೆದು ಉಳಿದದ್ದು ತಿನ್ನಬೇಡಿ.

ಹಣ್ಣು ಮೆತ್ತಗಾದ ಮೇಲೆಯೇ ಸಕ್ಕರೆ ಹಾಕಿ, ಮೊದಲೇ ಹಾಕಿದರೆ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ. ಹೋಳು ಹೋಳಾಗಿ ಇರಬೇಕೆಂದರೆ ಬೇಕೆಂದೇ ಹಾಗೆ ಮಾಡುವುದುಂಟು. ಹದ ನೋಡಲು ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿಂದ ತಳ್ಳಿ. ಮೇಲ್ಪದರ ಸುಕ್ಕುಗಟ್ಟಿದರೆ ಆಯಿತು.

ಪ್ರ: ಸಿಹಿ ಬ್ರೆಡ್ಡಿನ ಹಿಟ್ಟು ಏಳುವುದೇ ಇಲ್ಲ. ಯೀಸ್ಟ್‌ಗೆ ಸಕ್ಕರೆ ಒಳ್ಳೆಯದಲ್ಲವೇ?

ಉ: ಸ್ವಲ್ಪ ಒಳ್ಳೆಯದು. ಹಿಟ್ಟಿನ ತೂಕದ ಶೇ 10 ದಾಟಿದರೆ, ಅಂದರೆ 500 ಗ್ರಾಂ ಹಿಟ್ಟಿಗೆ 50 ಗ್ರಾಂ ಮೀರಿದರೆ, ಸಕ್ಕರೆ ಯೀಸ್ಟ್‌ನ ಒಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಯೀಸ್ಟ್ ತುಸು ಹೆಚ್ಚಿಸಿ, ಸಕ್ಕರೆಯನ್ನು ಎರಡು ಕಂತಿನಲ್ಲಿ ಹಾಕಿ, ಕಾಯಲು ಎರಡು ಪಾಲು ಸಮಯ ಇಟ್ಟುಕೊಳ್ಳಿ.

ಪ್ರ: ಬೀಟ್ ಗೆಡ್ಡೆಯಿಂದ ತೆಗೆದ ಸಕ್ಕರೆ ಕಬ್ಬಿನದಕ್ಕಿಂತ ಕಡಿಮೆ ದರ್ಜೆಯದೇ?

ಉ: ಶುದ್ಧಗೊಳಿಸಿದ ಮೇಲೆ ಎರಡೂ ಸುಕ್ರೋಸೇ. ಬರ್ಲಿನ್‌ನ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಬೀಟ್‌ನಲ್ಲಿರುವುದೂ ಅದೇ ಸಕ್ಕರೆ ಎಂದು ತೋರಿಸಿದ. ವ್ಯತ್ಯಾಸ ಇರುವುದು ಕಾಕಂಬಿಯಲ್ಲಿ. ಬೀಟ್‌ನ ಕಾಕಂಬಿಗೆ ತಿನ್ನುವಂಥ ರುಚಿಯಿಲ್ಲ, ಆದ್ದರಿಂದ ಬೀಟ್ ಸಕ್ಕರೆಯನ್ನು ಕಂದಾಗಿಸಬೇಕಾದರೂ ಕಬ್ಬಿನ ಕಾಕಂಬಿಯನ್ನೇ ಲೇಪಿಸುತ್ತಾರೆ.

ಪ್ರ: ಬಿಳಿ ಸಕ್ಕರೆ ಬಿಟ್ಟು ಬೆಲ್ಲ, ಜೇನು ತಿಂದರೆ ಎಷ್ಟು ಬೇಕಾದರೂ ತಿನ್ನಬಹುದೇ?

ಉ: ಇಲ್ಲ. ಬೆಲ್ಲದಲ್ಲಿ ಖನಿಜಾಂಶ ಇದೆ, ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಬೆರೆಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. 2000 ಕಿಲೋಕ್ಯಾಲರಿಯ ಊಟಕ್ಕೆ ಅದು 50 ಗ್ರಾಂ. ಶೇ 5ಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಬೆಲ್ಲವನ್ನು ರುಚಿಗಾಗಿ ಆರಿಸಿಕೊಳ್ಳಿ, ಔಷಧಿಯೆಂದಲ್ಲ. ಮಧುಮೇಹ ಇರುವವರು ತಮ್ಮ ವೈದ್ಯರು ಹೇಳಿದ ಲೆಕ್ಕದಲ್ಲಿ ಬೆಲ್ಲವನ್ನೂ ಸೇರಿಸಿ ಎಣಿಸಬೇಕು.

ಪ್ರ: ಸಕ್ಕರೆ ಡಬ್ಬದಲ್ಲಿ ಮಳೆಗಾಲಕ್ಕೆ ಗಂಟು. ಅವಧಿ ಮುಗಿದಿದೆ ಎಂದು ಎಸೆಯಬೇಕೇ?

ಉ: ಒಣಗಿದ ಸಕ್ಕರೆ ಹಾಳಾಗುವುದಿಲ್ಲ. ಗಂಟನ್ನು ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಒಡೆದು ಬಳಸಿ, ಅಥವಾ ಹೇಗೂ ಕರಗಿಸುವುದೇ ಆದ್ದರಿಂದ ಪಾಕಕ್ಕೆ ಹಾಕಿ. ಒದ್ದೆ ಚಮಚ ಮಾತ್ರ ಡಬ್ಬಕ್ಕೆ ಇಳಿಸಬೇಡಿ, ಒಲೆಯ ಪಕ್ಕ ಹಬೆ ತಾಗುವಲ್ಲೂ ಡಬ್ಬ ಇಡಬೇಡಿ.